ವೈರಲ್ ಲೋಡ್ ನೋಡಿದ ದಿನ ಮಗುವಿನ ಬಿಪಿಯನ್ನೂ ನೋಡಿ

ಎಚ್‌ಐವಿ ಇರುವ ಮಕ್ಕಳ ವಿಷಯ ಬಂದರೆ ನಮ್ಮ ಮಾತು ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ), ತೂಕಕ್ಕೇ ನಿಲ್ಲುತ್ತದೆ. ಹೃದಯದ ಮಾತು ಬರುವುದೇ ಅಪರೂಪ. ನಮ್ಮಲ್ಲಿ ಉಚಿತ ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಶುರುವಾದದ್ದು 2004ರಲ್ಲಿ. ಹುಟ್ಟುತ್ತಲೇ ಸೋಂಕು ತಗುಲಿದ ಎಷ್ಟೋ ಮಕ್ಕಳು ಇವತ್ತು ಕಾಲೇಜಿನಲ್ಲಿದ್ದಾರೆ. ಅವರ ರಕ್ತನಾಳಗಳು ಇನ್ನೂ ಐವತ್ತು ಅರವತ್ತು ವರ್ಷ ಬಾಳಬೇಕು.

ವೈರಸ್ ಹತೋಟಿಗೆ ಬಂದರೂ ಒಳಗೊಳಗೇ ಸಣ್ಣ ಉರಿಯೂತ ಉಳಿದು, ರಕ್ತನಾಳದ ಒಳಪದರವನ್ನು ಮೆಲ್ಲಗೆ ಕೆಡಿಸುತ್ತದೆ. ಮಾತ್ರೆ ತಪ್ಪಿಸಿದರೆ ಅದು ಭುಗಿಲೇಳುತ್ತದೆ. ಹಾಗಾಗಿ ಈ ಮಕ್ಕಳ ಹೃದಯಕ್ಕೂ ಮೊದಲ ಔಷಧ ಎಆರ್‌ಟಿ ಮಾತ್ರೆಯೇ.

ನನಗೆ ತುಂಬ ಕಳವಳ ಇರುವುದು ಬಿಪಿ ನೋಡುವ ರೀತಿಯ ಬಗ್ಗೆ. ತೋಳಿಗೆ ಸುತ್ತುವ ಪಟ್ಟಿಯೊಳಗೆ ಗಾಳಿ ತುಂಬುವ ರಬ್ಬರ್ ಚೀಲ ಇರುತ್ತದಲ್ಲ, ಅದರ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು, ಉದ್ದ ಶೇ. 80ರಿಂದ 100ರಷ್ಟು ಇರಬೇಕು. ತೋಳು 18 ಸೆಂ.ಮೀ. ಇದ್ದರೆ ಅಗಲ ಸುಮಾರು 7 ಸೆಂ.ಮೀ. ಸಾಕು. ದೊಡ್ಡವರ ಪಟ್ಟಿಯನ್ನೇ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಈ ಮಕ್ಕಳಲ್ಲಿ ಸಣಕಲು ತೋಳಿನವರೇ ಹೆಚ್ಚು. ಏರಿದ ಬಿಪಿ ಅಲ್ಲೇ ಮುಚ್ಚಿಹೋಗುತ್ತದೆ. ಮಕ್ಕಳು ಬರುವ ಪ್ರತಿ ಎಆರ್‌ಟಿ ಕೇಂದ್ರದಲ್ಲೂ ಎರಡು ಮೂರು ಅಳತೆಯ ಪಟ್ಟಿ ಇರಲೇಬೇಕು, ಇದು ದೊಡ್ಡ ಖರ್ಚಿನ ಬಾಬಲ್ಲ.

ಮಗುವನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬಲತೋಳನ್ನು ಎದೆಮಟ್ಟಕ್ಕೆ ಇಟ್ಟು ನೋಡಿ. ಹದಿಮೂರು ತುಂಬಿದವರಲ್ಲಿ ಮೂರು ಬೇರೆ ಬೇರೆ ಭೇಟಿಯಲ್ಲೂ 130/80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡವೇ. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಲಿಂಗ, ಎತ್ತರ ಮೂರನ್ನೂ ಹಿಡಿದು ಕೋಷ್ಟಕದಲ್ಲಿ ನೋಡಬೇಕು. ಬೆಳವಣಿಗೆ ಕುಂಠಿತವಾದ ಮಗುವಿನ ಎತ್ತರ ಅಳೆಯದೆ ಬರೀ ವಯಸ್ಸು ನೋಡಿದರೆ ಲೆಕ್ಕ ತಪ್ಪುತ್ತದೆ.

ಲೋಪಿನಾವಿರ್-ರಿಟೋನಾವಿರ್ ಎಂಬ ಎಆರ್‌ಟಿ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುವುದುಂಟು. ಹತ್ತು ದಾಟಿದವರಲ್ಲಿ ಟ್ರೈಗ್ಲಿಸರೈಡ್ ಆಗಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಆಗಲಿ ಡೆಸಿಲೀಟರ್‌ಗೆ 130 ಮಿ.ಗ್ರಾಂ. ಮುಟ್ಟಿದರೆ ಹೆಚ್ಚು ಎಂದೇ ಲೆಕ್ಕ. ಈ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ರಾತ್ರಿಯಿಂದ ಉಪವಾಸ ಇರಲಿ. ಕೊಬ್ಬು ಇಳಿಸಲು ಮಾತ್ರೆ ಬೇಕಾದರೆ ಎಆರ್‌ಟಿ ವೈದ್ಯರೇ ಬರೆಯಲಿ. ರಿಟೋನಾವಿರ್ ಜೊತೆ ಕೊಬ್ಬು ಇಳಿಸುವ ಸಿಮ್ವಾಸ್ಟಾಟಿನ್ ಮಾತ್ರೆ ಸೇರಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಈಗ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಎಂಬ ಎಆರ್‌ಟಿ ಔಷಧದಲ್ಲಿ ಕೊಬ್ಬಿನ ಕಾಟ ಕಡಿಮೆ, ಆದರೆ ತೂಕ, ಸೊಂಟದಳತೆಯ ಮೇಲೆ ಕಣ್ಣಿರಲಿ.

ಎಷ್ಟೋ ಮನೆಗಳಲ್ಲಿ "ಆಯಾಸ ಆಗುತ್ತೆ, ಆಡಬೇಡ" ಅಂತ ಅಜ್ಜಿಯರು ಮಗುವನ್ನು ಒಳಗೇ ಕೂರಿಸುತ್ತಾರೆ. ಪ್ರೀತಿಯಿಂದಲೇ, ಆದರೆ ಅದು ತಪ್ಪು. ವೈದ್ಯರು ಬೇಡ ಎನ್ನದಿದ್ದರೆ ದಿನಕ್ಕೆ ಒಂದು ಗಂಟೆ ಕಬಡ್ಡಿ, ಓಟ, ಸೈಕಲ್ ಏನಾದರೂ ಇರಲಿ. ಮನೆಯೊಳಗೆ ಯಾರೂ ಬೀಡಿ ಹಚ್ಚಬಾರದು. ಮೆಟ್ಟಿಲು ಹತ್ತಿದಾಗ ಜೊತೆಯವರಿಗಿಂತ ಹೆಚ್ಚು ಏದುಸಿರು, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಮುಂದಿನ ತಿಂಗಳ ಮಾತ್ರೆಯ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.