ಎರಡೂವರೆ ಕಿಲೋ ಗೌರವ

ಬೆಂಗಳೂರಿನಲ್ಲಿ ಹವ್ಯಾಸಕ್ಕೆಂದು ಸೈಕಲ್ ತುಳಿಯುವವನು ಇಡೀ ಒಂದು ವರ್ಷ ಕೈಕಾಲು ನೆಟ್ಟಗಿಟ್ಟುಕೊಂಡು ಉಳಿದರೆ ಅವನಿಗೊಂದು ಪ್ರಶಸ್ತಿ ಸಲ್ಲುವುದು ನ್ಯಾಯವೇ ಸರಿ. ಹಾಗಾಗಿ ಜೂನ್ 3ರ ವಿಶ್ವ ಬೈಸಿಕಲ್ ದಿನದ ಅಂಗವಾಗಿ ತಾರಾ ಹೋಟೆಲೊಂದರಲ್ಲಿ ಏರ್ಪಾಡಾಗಿದ್ದ ಪ್ರಶಸ್ತಿ ಪ್ರದಾನ ಮತ್ತು ಭೋಜನಕೂಟಕ್ಕೆ ಕರೆ ಬಂದಾಗ ನಾನು ಸಂಕೋಚಪಡಲಿಲ್ಲ. ಪುರಸ್ಕೃತರೂ ಊಟದ ಪಾಸಿಗೆ ಎರಡೂವರೆ ಸಾವಿರ ರೂಪಾಯಿ ಕಟ್ಟತಕ್ಕದ್ದು ಎಂಬ ಸಾಲು ಆಮಂತ್ರಣದ ತಳದಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿತ್ತು. ಬ್ರೆವೆ ಎಂಬ ದೂರದೂರದ ಸೈಕಲ್ ಯಾತ್ರೆ ಮಾಡುವ ನಮ್ಮಂಥ ಸವಾರರಿಗೆ ಅದೇನೂ ಹೊಸತಲ್ಲ. ರಾತ್ರಿಯಿಡೀ ತುಳಿದು ಗಳಿಸಿದ ಪದಕವನ್ನೂ ನಾವು ಬೇಕೆಂದರೆ ದುಡ್ಡು ಕೊಟ್ಟೇ ತರಿಸಿಕೊಳ್ಳುತ್ತೇವೆ.

ಬ್ರೆವೆ ಎಂದರೆ ಪಂದ್ಯವಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು, ಅಷ್ಟೆ. ದಾರಿಯಲ್ಲಿ ಸಿಗುವ ಒಂದೊಂದು ಕಂಟ್ರೋಲಿಗೂ, ಅಂದರೆ ಸವಾರನ ಕಾರ್ಡಿನಲ್ಲಿ ಹಾಜರಿ ಗುರುತಿಸುವ ತಾಣಕ್ಕೂ, ತೆರೆಯುವ ಹೊತ್ತು, ಮುಚ್ಚುವ ಹೊತ್ತು ಎಂದಿರುತ್ತದೆ. ತಡವಾದವನ ಕಾರ್ಡಿಗೆ ಬೆಲೆಯಿಲ್ಲ, ತೀರಾ ಬೇಗ ಬಂದವನು ಬಾಗಿಲು ತೆರೆಯುವ ತನಕ ಕಾಯಬೇಕು. ಯಾರು ಮೊದಲು ಬಂದರೆಂದು ಯಾರೂ ಕೇಳುವುದಿಲ್ಲ, ಇದರ ನಿಯಮಗಳನ್ನು ಕಾಯುವ ಪ್ಯಾರಿಸ್ಸಿನ ಕ್ಲಬ್ಬು ಸ್ಥಾನಗಳನ್ನು ಘೋಷಿಸುವುದೂ ಇಲ್ಲ. ಇಂಥ ಬ್ರೆವೆಯಲ್ಲಿ 'ಅತಿ ವೇಗದ ಸವಾರ' ಪ್ರಶಸ್ತಿಗೆ ಪ್ರಥಮ, ದ್ವಿತೀಯ, ತೃತೀಯ ಮತ್ತು ಎರಡು ಸಮಾಧಾನಕರ ಬಹುಮಾನಗಳನ್ನು ಅಂದು ಹಂಚಲಾಯಿತು. ಸಭಾಂಗಣದಲ್ಲಿ ಅರವತ್ತು ಜನ ಸವಾರರಿದ್ದೆವು, ಪ್ರಶಸ್ತಿಗಳು ಐವತ್ತೆಂಟು. ಉಳಿದ ಇಬ್ಬರು ತೀರ್ಪುಗಾರರಾದ್ದರಿಂದ ಅವರಿಗೆ ವಿಶೇಷ ಸನ್ಮಾನವಿತ್ತು.

ಕಾರ್ಯಕ್ರಮ ಏಳಕ್ಕೆಂದು ಅಚ್ಚಾಗಿತ್ತು. ಮುಖ್ಯ ಅತಿಥಿಗಳ ಮನೆ ಅಲ್ಲಿಂದ ಒಂಬತ್ತು ಕಿಲೋಮೀಟರು. ಗಂಟೆಗೆ ಹದಿನೈದು ಕಿಲೋಮೀಟರೆಂಬ ನಮ್ಮ ಕನಿಷ್ಠ ವೇಗದಲ್ಲಿ ಹೊರಟರೂ ಮೂವತ್ತಾರು ನಿಮಿಷಕ್ಕೆ ತಲುಪಬಹುದಾದ ದೂರವದು. ಹಿಂದೆ ಮುಂದೆ ಸೈರನ್ ಕೂಗಿಸಿಕೊಂಡು ಅವರು ಬಂದಾಗ ಒಂಬತ್ತು ಇಪ್ಪತ್ತಾಗಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಡಿಎನ್‌ಎಫ್ (ಡಿಡ್ ನಾಟ್ ಫಿನಿಶ್, ಮುಗಿಸಲಿಲ್ಲ) ಎನ್ನುತ್ತೇವೆ, ಸಭಾ ಮರ್ಯಾದೆಯಲ್ಲಿ ಇದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಯವರೆಗೆ ಬಫೆಯ ಪಾತ್ರೆಗಳ ಮುಚ್ಚಳ ತೆರೆಯಕೂಡದೆಂದು ಅಪ್ಪಣೆಯಾಗಿತ್ತು. ಬೆಳಗ್ಗೆ ನಂದಿಬೆಟ್ಟ ಹತ್ತಿಳಿದು ಬಂದಿದ್ದ ಅರವತ್ತು ಹೊಟ್ಟೆಗಳು ಆ ಮುಚ್ಚಳಗಳನ್ನೇ ನೋಡುತ್ತ ಕುಳಿತಿದ್ದವು. ಜೆರ್ಸಿಯಾಗಿದ್ದರೆ ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣಾದರೂ ಇರುತ್ತಿತ್ತು. ಕೋಟು ಹೊಲಿಯುವವರು ಅಷ್ಟು ದೂರ ಯೋಚಿಸಿಲ್ಲ. ನಮ್ಮ ಮೇಜಿನ ಹಿರಿಯ ಸವಾರರೊಬ್ಬರು ಕಡಲೆಕಾಯಿ ಚಿಕ್ಕಿಯೊಂದನ್ನು ಮೇಜುಬಟ್ಟೆಯ ಅಡಿಯಲ್ಲೇ ಆರು ತುಂಡು ಮಾಡಿ, ಪ್ರಸಾದದಂತೆ ಒಬ್ಬೊಬ್ಬರ ಅಂಗೈಗೆ ಇಟ್ಟರು.

ತಾವೂ ಬಾಲ್ಯದಲ್ಲಿ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದುದಾಗಿ ಅತಿಥಿಗಳು ತಿಳಿಸಿದರು. (ಮುಖ್ಯ ಅತಿಥಿಗಳೆಲ್ಲ ಬಾಲ್ಯದಲ್ಲಿ ಸೈಕಲ್ ತುಳಿದವರೇ, ಆಮೇಲೆ ಅವರಿಗೆ ಏನಾಗುತ್ತದೋ ತಿಳಿಯದು.) ನಗರದ ತುಂಬ ಸೈಕಲ್ ಪಥಗಳಾಗಬೇಕೆಂದರು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಅಂಥದೊಂದು ಪಥವಿತ್ತು. ಅದರ ಗಡಿಗೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಗೂಟಗಳು ಮುರಿದುಬಿದ್ದು, ಬೈಕುಗಳು ನುಗ್ಗಿ, ಕೊನೆಗೆ ಮೆಟ್ರೋ ಕಾಮಗಾರಿಯಲ್ಲಿ ಪಥವೇ ಕರಗಿಹೋಯಿತು. ನಾವು ಅದಕ್ಕೂ ಸೇರಿಸಿ ಚಪ್ಪಾಳೆ ತಟ್ಟಿದೆವು, ಬೇಗ ಊಟವಾಗಲೆಂದು.

ನನ್ನ ಸರದಿ ಮೂವತ್ತೊಂದನೆಯದು. ಹಾರ, ಶಾಲು, ಹಣ್ಣಿನ ಬುಟ್ಟಿ, ಹೆಲ್ಮೆಟ್ ಇರಬೇಕಾದ ಜಾಗದಲ್ಲಿ ಮೈಸೂರು ಪೇಟ, ಕೊನೆಗೆ ಗ್ರಾನೈಟ್ ಪೀಠದ ಮೇಲೆ ಗಾಜಿನ ಚಕ್ರ ನಿಲ್ಲಿಸಿದ ಸ್ಮರಣಿಕೆ. ಪಕ್ಕದ ಮಿತ್ರರು ಅದನ್ನು ಅಂಗೈಯಲ್ಲಿ ಎತ್ತಿ ನೋಡಿ "ಎರಡೂವರೆ ಕೆ.ಜಿ.ಗೆ ಮೋಸವಿಲ್ಲ" ಎಂದರು. ಅವರ ಅಂದಾಜು ತಪ್ಪುವುದಿಲ್ಲ. ಸೈಕಲ್ಲಿನ ತೂಕದಲ್ಲಿ ನೂರಿಪ್ಪತ್ತು ಗ್ರಾಂ ಇಳಿಸಲು ಸೀಟಿನ ಕೆಳಗಿನ ಕೊಳವೆಗೆ ಹದಿನೆಂಟು ಸಾವಿರ ಸುರಿದವರು ಅವರು. ಸ್ಪರ್ಧೆಯ ಸೈಕಲ್ 6.8 ಕೆ.ಜಿ.ಗಿಂತ ಹಗುರವಾಗಿರಬಾರದೆಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಮಾಡಿದೆ. ಸ್ಮರಣಿಕೆ ಎಷ್ಟಕ್ಕಿಂತ ಭಾರವಾಗಿರಬಾರದೆಂದು ಹೇಳುವ ಒಕ್ಕೂಟ ಇನ್ನೂ ಹುಟ್ಟಬೇಕಾಗಿದೆ.

ಊಟ ಮುಗಿಸಿ ಗೇಟಿಗೆ ಬಂದಾಗ ಹನ್ನೆರಡಾಗಿತ್ತು. ಸಂಜೆ ರಿಜಿಸ್ಟರಿನ 'ವಾಹನ ಸಂಖ್ಯೆ' ಅಂಕಣಕ್ಕೆ ಏನು ಬರೆಯುವುದೆಂದು ತಿಳಿಯದೆ ನನ್ನ ಸೈಕಲ್ಲನ್ನು ಜನರೇಟರ್ ಹಿಂದೆ ನಿಲ್ಲಿಸಿಕೊಂಡಿದ್ದ ಕಾವಲುಗಾರರು ಈಗ ಪಾಳಿ ಮುಗಿಸಿ ಹೊರಟಿದ್ದರು. ನನ್ನದರ ಪಕ್ಕದಲ್ಲೇ ಅವರದೂ ನಿಂತಿತ್ತು: ಕರಿ ಬಣ್ಣದ್ದು, ಹಿಂದೆ ಗಟ್ಟಿಮುಟ್ಟಾದ ಕ್ಯಾರಿಯರ್. ತೂಕ ಇಳಿಸುವ ಭರದಲ್ಲಿ ನನ್ನ ಸೈಕಲ್ಲಿಗೆ ಸ್ಟ್ಯಾಂಡನ್ನೂ ಉಳಿಸದಿದ್ದ ನಾನು, ಹಣ್ಣಿನ ಬುಟ್ಟಿಯ ಜೊತೆಗೆ ಸ್ಮರಣಿಕೆಯನ್ನೂ ಅವರ ಮುಂದೆ ಚಾಚಿ, ಇಟ್ಟುಕೊಳ್ಳಿ ಎಂದೆ. ಅವರು ಬುಟ್ಟಿಯನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದರು. ಗಾಜಿನ ಚಕ್ರವನ್ನು ಒಮ್ಮೆ ಎತ್ತಿ ನೋಡಿ ನನ್ನ ಕೈಗೇ ಮರಳಿಸಿದರು.

"ಇದು ಬ್ಯಾಡ ಸಾರ್. ದಿನಾ ಹದಿನಾಲ್ಕು ಕಿಲೋಮೀಟರ್ ತುಳೀಬೇಕು, ಭಾರ ಆಯ್ತದೆ."