ಅಪ್ಪ ಯುದ್ಧಕ್ಕೆ ಹೋಗಿದ್ದರು, ಸರಿ. ಆಮೇಲೆ?

ಅಪ್ಪ ತೀರಿಕೊಂಡ ಮೇಲೆ ನಮ್ಮ ದೇವಾಲಯದಲ್ಲಿ (ಚರ್ಚಿಗೆ ನಾವು ಹಾಗೇ ಅನ್ನುವುದು) ಸ್ಮರಣೆಯ ಆರಾಧನೆ ನಡೆಯಿತು. ಏಳೆಂಟು ಜನ ಮಾತಾಡಿದರು. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮಾತು. ದೇಶಕ್ಕಾಗಿ ಹೋರಾಡಿದ ವೀರಯೋಧ, ಒಂದು ಭಾನುವಾರವೂ ಆರಾಧನೆ ತಪ್ಪಿಸದ ಭಕ್ತ, ಮಕ್ಕಳನ್ನು ಶಿಸ್ತಿನಲ್ಲಿ ಬೆಳೆಸಿದ ತಂದೆ. ಯಾವುದೂ ಸುಳ್ಳಲ್ಲ. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದು. ಆದರೂ ನನಗೆ ಯಾಕೋ ಸಮಾಧಾನ ಆಗಲಿಲ್ಲ. 1971ರ ಯುದ್ಧ ನಡೆದಿದ್ದು ಎರಡು ವಾರ. ಡಿಸೆಂಬರ್ 3ಕ್ಕೆ ಶುರು, 17ರ ರಾತ್ರಿ ಕದನ ವಿರಾಮ. ಅಪ್ಪ ಬದುಕಿದ್ದು ಎಪ್ಪತ್ತಾರು ವರ್ಷ. ಆ ಎರಡು ವಾರಕ್ಕೇ ಎಲ್ಲರೂ ಚಪ್ಪಾಳೆ ಹೊಡೆದರೆ ಉಳಿದದ್ದನ್ನು ಯಾರು ಹೇಳೋದು? ಅದಕ್ಕೇ ಇಲ್ಲಿ ಬರೀತಾ ಇದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಮೊದಲು ಯುದ್ಧದ್ದೇ ಮುಗಿಸಿಬಿಡ್ತೇನೆ. ಅಪ್ಪ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಇದೆಯಲ್ಲ, ಅಲ್ಲೇ ಟ್ರೈನಿಂಗ್. 1780ರಲ್ಲಿ ಶುರುವಾದ ಪಡೆ ಅದು. ದಕ್ಷಿಣದ ರಾಜ್ಯಗಳ ಹುಡುಗರೇ ಜಾಸ್ತಿ, ಒಬ್ಬರಿಗೊಬ್ಬರು 'ತಂಬಿ', ನಮಸ್ಕಾರಕ್ಕೆ 'ವಣಕ್ಕಂ'. ನಮ್ಮಪ್ಪ ಕೊನೆಯವರೆಗೂ ಹಳೇ ಗೆಳೆಯರ ಫೋನ್ ಬಂದರೆ ಇಡೀ ಕೇರಿಗೆ ಕೇಳುವ ಹಾಗೆ "ವಣಕ್ಕಂ!" ಅಂತಲೇ ಶುರು ಮಾಡುತ್ತಿದ್ದರು. ಸ್ಯಾಪರ್ ಅಂದರೆ ಗುಂಡು ಹಾರಿಸುವುದಕ್ಕಿಂತ ಮೊದಲು ದಾರಿ ಮಾಡಿಕೊಡುವವನು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ತೆಗೆಯುವುದು.

71ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಶಕರ್‌ಗಢ ಕಡೆ ಬಸಂತರ್ ನದಿ ದಾಟುವಾಗ ಇದೇ ಕೆಲಸ. ಶತ್ರು ಹೂತಿಟ್ಟ ಮೈನ್‌ಗಳ ನಡುವೆ ರಾತ್ರಿಯಲ್ಲಿ ಟ್ಯಾಂಕುಗಳಿಗೆ ದಾರಿ ತೆರೆಯಬೇಕು. ದಾರಿ ಪೂರ್ತಿ ಆಗುವ ಮೊದಲೇ ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಅದರಲ್ಲೇ ನುಗ್ಗಿದವು. 16ನೇ ತಾರೀಕು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಸತ್ತರು, ಪರಮವೀರ ಚಕ್ರ ಬಂತು, ಅದು ಎಲ್ಲರಿಗೂ ಗೊತ್ತು. ದಾರಿ ತೆರೆಯುತ್ತಿದ್ದ ಸ್ಯಾಪರ್ ಅಧಿಕಾರಿ ಮೇಜರ್ ವಿಜಯ್ ರತ್ತನ್ ಚೌಧರಿ ಅವರೂ ಅಲ್ಲೇ ಪ್ರಾಣ ಕೊಟ್ಟರು, ಮಹಾವೀರ ಚಕ್ರ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ? ಅಪ್ಪನಿಗೆ ಇದರ ಬಗ್ಗೆ ಒಂದು ಸಣ್ಣ ಸಿಟ್ಟಿತ್ತು.

ಅಪ್ಪ ಆಗ ಇಪ್ಪತ್ತೆರಡು ವರ್ಷದ ಹುಡುಗ. "ನೀವೇನು ಮಾಡಿದ್ರಿ ಅಪ್ಪ?" ಅಂತ ನಾವು ಕೇಳಿದರೆ "ಟೇಪು ಎಳೆದೆ" ಅನ್ನುತ್ತಿದ್ದರು. ಅಷ್ಟೇ. ಮೈನ್ ತೆಗೆದ ದಾರಿಯ ಅಂಚಿಗೆ ಗೂಟ ಹೊಡೆದು ಬಿಳಿ ಟೇಪು ಕಟ್ಟಿಕೊಂಡು ಹೋಗಬೇಕು, ಇಲ್ಲದಿದ್ದರೆ ಹಿಂದೆ ಬರುವ ಟ್ಯಾಂಕಿಗೆ ಎಲ್ಲಿ ಕಾಲಿಡಬೇಕು ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಎಲ್ಲರೂ ಇದನ್ನು ವಿನಯ ಅಂದುಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಮಾಡಿದ ಕೆಲಸ ಅದೇ, ಅದನ್ನೇ ಹೇಳಿದರು. 2021ರಲ್ಲಿ ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ ಒಂದು ಕಡೆ ಸನ್ಮಾನಕ್ಕೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮನೆಗೆ ಬಂದು ಊಟ ಚೆನ್ನಾಗಿತ್ತು ಅಂದರು, ಭಾಷಣದ ಬಗ್ಗೆ ಒಂದು ಮಾತಿಲ್ಲ.

ಈಗ ನನ್ನ ವಿಷಯಕ್ಕೆ ಬರ್ತೇನೆ. ಹೆಚ್ಚಿನವರಿಗೆ ಮಿಲಿಟರಿ ಪಿಂಚಣಿ ಅಂದರೆ ಕೂತು ತಿನ್ನುವ ಬದುಕು ಅಂತ ಒಂದು ಕಲ್ಪನೆ ಇದೆ. ಆಫೀಸರ್‌ಗಳ ಮಾತು ಬೇರೆ. ಸಿಪಾಯಿ, ನಾಯಕ್, ಹವಾಲ್ದಾರ್ ಇವರೆಲ್ಲ ಮೂವತ್ತೈದು ನಲವತ್ತರ ಆಸುಪಾಸಿಗೇ ಮನೆಗೆ. ಸೈನ್ಯಕ್ಕೆ ಗಟ್ಟಿ ಮೈ ಬೇಕು, ಹಾಗಾಗಿ ಬೇಗ ಕಳಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ವಯಸ್ಸಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತವೆ, ಮನೆ ಸಾಲ ಇರುತ್ತದೆ, ತಂದೆ ತಾಯಿಗೆ ವಯಸ್ಸಾಗಿರುತ್ತದೆ. ಅಪ್ಪ 1991ರಲ್ಲಿ ಹವಾಲ್ದಾರ್ ಆಗಿ ಬಂದಾಗ ನಲವತ್ತೆರಡು. ನನಗೆ ಹನ್ನೊಂದು. ಅಲ್ಲಿಯವರೆಗೆ ಅಪ್ಪ ಅಂದರೆ ನಮಗೆ ವರ್ಷಕ್ಕೆ ಎರಡು ತಿಂಗಳ ರಜೆ, 56 ಎಪಿಒ (ಸೈನ್ಯದ ಅಂಚೆ ಕಚೇರಿ) ಅಂತ ವಿಳಾಸ ಇರುವ ಇನ್‌ಲ್ಯಾಂಡ್ ಪತ್ರ, ಮತ್ತೆ ಮನಿಯಾರ್ಡರ್. ಕೊಂಕಣ ರೈಲು ಬಂದಿದ್ದು 1998ರಲ್ಲಿ. ಅದಕ್ಕೂ ಮೊದಲು ಜಮ್ಮುವಿನಿಂದ ನಮ್ಮ ಉಡುಪಿ ಕಡೆಗೆ ಬರುವಷ್ಟರಲ್ಲಿ ರಜೆಯ ಒಂದು ಭಾಗ ರೈಲಿನಲ್ಲೇ ಖರ್ಚು. ಹೆಸರು, ನಂಬರು ಬಿಳಿ ಪೇಂಟಿನಲ್ಲಿ ಬರೆದ ಕಪ್ಪು ಟ್ರಂಕ್ ಅಂಗಳಕ್ಕೆ ಬಂದರೆ ನಮಗೆ ಖುಷಿಯೂ ಹೌದು, ಭಯವೂ ಹೌದು.

ಪೂರ್ತಿ ಮನೆಗೆ ಬಂದ ಮೇಲೆ ಮೊದಲ ವರ್ಷ ಅವರಿಗೂ ಕಷ್ಟ, ನಮಗೂ ಕಷ್ಟ. ಭಾನುವಾರ ಬೆಳಿಗ್ಗೆ ನಮ್ಮಿಬ್ಬರು ಮಕ್ಕಳ ಶೂ ಪಾಲಿಶ್ ತಪಾಸಣೆ. ಹಾಸಿಗೆ ಮಡಚಿದ್ದು ಸರಿ ಇಲ್ಲ ಅಂದರೆ ಮತ್ತೆ ಬಿಚ್ಚಿಸಿ ಮಡಚಿಸುವುದು. ಅಮ್ಮ ಅಷ್ಟು ವರ್ಷ ಒಬ್ಬರೇ ಮನೆ ನಡೆಸಿದವರು, ಒಂದು ದಿನ ಸೀದಾ ಹೇಳಿದರು: "ಇಲ್ಲಿ ಹವಾಲ್ದಾರ್ ನಾನು." ಅಪ್ಪ ಒಪ್ಪಿಕೊಂಡರು ನೋಡಿ, ಅದು ನನಗೆ ಇವತ್ತಿಗೂ ಆಶ್ಚರ್ಯ. ತಮ್ಮದೇ ಪಿಂಚಣಿ ದುಡ್ಡಿನಲ್ಲಿ ಬಸ್ಸಿಗೆ ಅಂತ ಅಮ್ಮನ ಹತ್ತಿರ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಅಡುಗೆ ಮನೆಗೂ ಕಾಲಿಟ್ಟರು. ಉತ್ತರದಲ್ಲಿ ಕಲಿತ ರಾಜ್ಮಾ ಮಾಡುತ್ತಿದ್ದರು, ಅಮ್ಮ ಅದಕ್ಕೆ ತೆಂಗಿನಕಾಯಿ ಅರೆದು ಹಾಕುತ್ತಿದ್ದರು. ಪಂಜಾಬಿಗಳು ಕಂಡರೆ ಅಳುತ್ತಿದ್ದರೇನೋ, ನಮಗೆ ಮಾತ್ರ ರಾಜ್ಮಾ ಅಂದರೆ ಅದೇ.

ಆಮೇಲೆ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ಅರವತ್ತು ತುಂಬುವವರೆಗೆ ಅದೇ. ಸ್ಮರಣೆಯ ದಿನ ಇದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಬಹುಶಃ ಹೇಳಿದರೆ ಮರ್ಯಾದೆ ಕಮ್ಮಿ ಅಂದುಕೊಂಡರೋ ಏನೋ. ನನಗಂತೂ ಇದೇ ದೊಡ್ಡದು. ಬ್ಯಾಂಕಿನ ಬಾಗಿಲಲ್ಲಿ ಜೋಡು ನಳಿಗೆ ಬಂದೂಕು ಹಿಡಿದು ನಿಂತ ಮನುಷ್ಯನ ಮುಖವನ್ನು ನಾವು ಯಾವತ್ತಾದರೂ ನೋಡಿದ್ದೇವಾ? ಗಣರಾಜ್ಯೋತ್ಸವದ ದಿನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಸೆಲ್ಯೂಟ್ ಹಾಕುವವರೇ ಮಾರನೇ ದಿನ ಅದೇ ಮಾಜಿ ಸೈನಿಕನಿಗೆ "ಏಯ್, ಗಾಡಿ ಎಲ್ಲಿ ಹಾಕೋದು?" ಅಂತಾರೆ. ಏಕವಚನದಲ್ಲಿ. ನಾನೇ ಕಿವಿಯಾರೆ ಕೇಳಿದ್ದೇನೆ.

ಅಪ್ಪ ಜೇಬಿನಲ್ಲಿ ಒಂದು ಸಣ್ಣ ಸ್ಟಾಂಪ್ ಪ್ಯಾಡ್ ಇಟ್ಟುಕೊಳ್ಳುತ್ತಿದ್ದರು. ಬ್ಯಾಂಕಿನದ್ದಲ್ಲ, ಸ್ವಂತದ್ದು. ಓದು ಬರಹ ಬಾರದ ಅಜ್ಜಿಯಂದಿರು ಪಿಂಚಣಿ ತೆಗೆಯಲು ಬಂದರೆ ಚೀಟಿ ತುಂಬಿಸಿಕೊಟ್ಟು, ಹೆಬ್ಬೆಟ್ಟು ಒತ್ತಿಸಿ, ಆಮೇಲೆ ಬೆರಳು ಒರೆಸಿಕೊಳ್ಳಲು ಒಂದು ಹಳೇ ಬಟ್ಟೆ ತುಂಡೂ ಕೊಡುತ್ತಿದ್ದರು. ಆ ಬಟ್ಟೆ ಅಮ್ಮನ ಹಳೇ ಸೀರೆಯದ್ದು. ವಾರಕ್ಕೊಮ್ಮೆ ಒಗೆಯಲು ಮನೆಗೆ ಬರುತ್ತಿತ್ತು, ಶಾಯಿ ಕಲೆ ಹೋಗುತ್ತಿರಲಿಲ್ಲ ಅಂತ ಅಮ್ಮ ಬೈಯುತ್ತಿದ್ದರು.

ಇಲ್ಲೊಂದು ತಮಾಷೆ. ಮಿಲಿಟರಿಯಲ್ಲಿ ಅಪ್ಪ ಹಸಿರು ಹಾಕಿದ್ದು, ಖಾಕಿ ಮೈಗೆ ಹತ್ತಿದ್ದು ಬ್ಯಾಂಕಿಗೆ ಬಂದ ಮೇಲೆ. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿ ಸಂಸ್ಥೆ) ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಅನ್ನುವ ಮಿಷನರಿ ಕಂಡುಹಿಡಿದದ್ದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲೇ ಪೇಶಾವರದ ಕಡೆ ಬ್ರಿಟಿಷರ ಗೈಡ್ಸ್ ಪಡೆಯವರು ಖಾಕಿ ಹಾಕಿದ್ದರು ಅನ್ನುವವರೂ ಇದ್ದಾರೆ. ಅಪ್ಪನಿಗೆ ಅದೆಲ್ಲ ಬೇಡ. "ನನ್ನ ದೇವಾಲಯ ಕಟ್ಟಿದವರೇ ನನ್ನ ಯೂನಿಫಾರ್ಮಿಗೂ ಬಣ್ಣ ಹಾಕಿದ್ದು" ಅಂತ ನಗುತ್ತಿದ್ದರು.

ದೇವಾಲಯದ ಮಾತು ಬಂತು. ನಮ್ಮದು ಹಳೇ ಬಾಸೆಲ್ ಮಿಷನ್ ಸಭೆ, 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದ ಮೇಲೂ ಹಿರಿಯರ ಬಾಯಲ್ಲಿ ಮಿಷನ್ನೇ. ಅಪ್ಪ ಸಭಾ ಸಮಿತಿಯಲ್ಲಿ ಇರಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ, ಪ್ರಸಂಗ (ಪ್ರವಚನ) ಮಾಡಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಕಿಟಕಿ ತೆರೆಯುವುದು, ಮೈಕ್ ಪರೀಕ್ಷೆ ಮಾಡುವುದು, ಫ್ಯಾನಿನ ಗಾಳಿ ಬಾರದ ಹಿಂದಿನ ಬೆಂಚಲ್ಲಿ ಕೂರುವುದು. ಗಾಳಿ ಬರುವ ಜಾಗ ವಯಸ್ಸಾದವರಿಗೆ ಅಂತೆ. ಎಪ್ಪತ್ತು ದಾಟಿದ ಮೇಲೂ ತಾವು ಆ ಲೆಕ್ಕಕ್ಕೆ ಬಂದಿದ್ದೇವೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಜರ್ಮನ್ ರಾಗದ ಕನ್ನಡ ಗೀತೆಗಳನ್ನು ಜೋರಾಗಿ, ಶ್ರುತಿ ಬಿಟ್ಟು ಹಾಡುತ್ತಿದ್ದರು. ಗಾಯನ ತಂಡದವರಿಗೆ ಅದೊಂದು ಶಿಕ್ಷೆ. ಬೆಳೆಹಬ್ಬದ ಏಲಂನಲ್ಲಿ (ಹರಾಜಿನಲ್ಲಿ) ಮಾತ್ರ ಅಪ್ಪ ಬೇರೆಯೇ ಮನುಷ್ಯ. ಒಂದೊಂದು ರೂಪಾಯಿ ಲೆಕ್ಕ ಇಡುವವರು ಒಂದು ಬೂದುಗುಂಬಳಕ್ಕೆ ಹಟ ಹಿಡಿದು ಬೆಲೆ ಏರಿಸಿ, ತಾವೇ ಕೊಂಡು, ಮತ್ತೆ ಅದನ್ನು ಏಲಂಗೇ ಕೊಟ್ಟುಬಿಡುತ್ತಿದ್ದರು. ಅಮ್ಮನ ಮುಖ ನೋಡಬೇಕಿತ್ತು ಆಗ.

ಹಾಗಂತ ಬೇರೆ ದೇವರನ್ನು ಕಂಡರೆ ದೂರ ಹೋಗುವ ಭಕ್ತಿ ಅಲ್ಲ ಅದು. ಫೌಜಿನಲ್ಲಿ ಭಾನುವಾರ ಮಂದಿರ್ ಪರೇಡ್, ಸರ್ವಧರ್ಮ ಸ್ಥಳದಲ್ಲಿ ಎಲ್ಲರೂ ಸೇರಿ ನಿಲ್ಲುವುದು. ಆರತಿ ಹಾಡು ಬಾಯಿಪಾಠ ಇತ್ತು ಅವರಿಗೆ. ಪಕ್ಕದ ಮನೆಯವರು ಪ್ರಸಾದ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಸಭೆಯಲ್ಲಿ ಯಾರೋ ಒಬ್ಬರು ಅದಕ್ಕೆ ತಕರಾರು ತೆಗೆದಾಗ "ಲಡಾಖ್‌ನ ಚಳಿಯಲ್ಲಿ ಬಿಸಿ ಹಲ್ವಾ ಯಾವ ದೇವರದ್ದು ಅಂತ ಕೇಳಿ ತಿಂದವನಲ್ಲ ನಾನು" ಅಂದರು. ಮುಗಿಯಿತು ಚರ್ಚೆ.

ಈಗ ಫೈಲಿನ ವಿಷಯ. ನಿಜ ಹೇಳಬೇಕೆಂದರೆ ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು.

ಅಪ್ಪನ ಕಪಾಟಿನಲ್ಲಿ ಒಂದು ರಟ್ಟಿನ ಫೈಲ್ ಇತ್ತು. ಮೇಲೆ ದೊಡ್ಡ ಅಕ್ಷರದಲ್ಲಿ "ನಾನು ಹೋದ ಮೇಲೆ". ಒಳಗೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಮಾಜಿ ಸೈನಿಕರ ಚಿಕಿತ್ಸೆಗೆ ಇರುವ ಇಸಿಎಚ್‌ಎಸ್ ಕಾರ್ಡು, ಕ್ಯಾಂಟೀನ್ ಕಾರ್ಡು, ಅಮ್ಮನ ಜೊತೆಗಿನ ಜಂಟಿ ಖಾತೆಯ ಪಾಸ್‌ಬುಕ್. ಒಂದೊಂದಕ್ಕೂ ಮೂರು ಮೂರು ಜೆರಾಕ್ಸ್. ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನುವ ಪಟ್ಟಿ. ಹೂಳುವ ದಿನ ಹಾಡಬೇಕಾದ ಗೀತೆಗಳ ನಂಬರು, ಪಕ್ಕದಲ್ಲಿ ಸೂಚನೆ: "ಎಲ್ಲ ಚರಣ ಬೇಡ, ಬಿಸಿಲಿರುತ್ತದೆ."

ಮತ್ತೆ ಒಂದು ದಪ್ಪ ಕಟ್ಟು. ಅದು ಅಮ್ಮನ ಹೆಸರಿನ ಕಟ್ಟು. ಸೈನ್ಯದ ದಾಖಲೆಯಲ್ಲಿ ಅಮ್ಮನ ಹೆಸರು ಮನೆಯಲ್ಲಿ ಕರೆಯುವ ಹೆಸರಾಗಿ ಸೇರಿಕೊಂಡಿತ್ತು, ಹುಟ್ಟಿದ ತಾರೀಕೂ ಬೇರೆ. ಆಧಾರ್‌ನಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹೆಸರು. ಬದುಕಿರುವಾಗ ಇದು ಯಾರಿಗೂ ಕಾಣುವುದಿಲ್ಲ. ಮಾಜಿ ಸೈನಿಕ ತೀರಿಕೊಂಡು ಹೆಂಡತಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ ದಿನ "ಇದು ನೀವೇನಾ?" ಅಂತ ಕೇಳುತ್ತಾರೆ. ಅಪ್ಪನಿಗೆ ಗೊತ್ತಿತ್ತು. ತನ್ನ ಜೊತೆಯವರ ಹೆಂಡತಿಯರು ಹೀಗೆ ಅಲೆದದ್ದನ್ನು ನೋಡಿದ್ದರು. ಹಾಗಾಗಿ ತಾವು ಗಟ್ಟಿ ಇರುವಾಗಲೇ ದೇವಾಲಯದ ಮದುವೆ ರಿಜಿಸ್ಟರ್‌ನ ನಕಲು ತೆಗೆಸಿ, ಸಭಾಪಾಲಕರ (ಪಾಸ್ಟರ್) ಸಹಿ ಹಾಕಿಸಿ, ಅಫಿಡವಿಟ್ ಮಾಡಿಸಿ, ಪತ್ರದ ಮೇಲೆ ಪತ್ರ ಬರೆದು, ಕೊನೆಗೂ ತಿದ್ದುಪಡಿಯ ಆದೇಶ ತರಿಸಿಕೊಂಡಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಕ್ಯಾಂಟೀನಿಗೆ ಹೋಗ್ತೇನೆ ಅಂತ ಹೇಳಿ ಹೋಗುತ್ತಿದ್ದದ್ದು ಇದಕ್ಕೇ ಇರಬೇಕು, ಯಾಕೆಂದರೆ ಎಷ್ಟೋ ಸಲ ಸೋಪು ಬಿಟ್ಟು ಏನೂ ತರುತ್ತಿರಲಿಲ್ಲ.

ಅಮ್ಮನ ಪಿಂಚಣಿ ತಕರಾರಿಲ್ಲದೆ ಶುರುವಾಯಿತು. ಸಾಮಾನ್ಯ ಕುಟುಂಬ ಪಿಂಚಣಿ ಅಂದರೆ ಕೊನೆಯ ಸಂಬಳದ ನೂರಕ್ಕೆ 30 ಲೆಕ್ಕ, ದೊಡ್ಡ ದುಡ್ಡೇನಲ್ಲ. ಆದರೆ ಅಮ್ಮ ಯಾವ ಕೌಂಟರಿನ ಮುಂದೆಯೂ ತಾನು ಇವರ ಹೆಂಡತಿ ಅಂತ ಸಾಬೀತು ಮಾಡುತ್ತಾ ನಿಲ್ಲಲಿಲ್ಲ. ಒಳ್ಳೆಯ ತಂದೆ, ಒಳ್ಳೆಯ ಗಂಡ ಅಂತ ವೇದಿಕೆಯಲ್ಲಿ ಹೇಳಿದಾಗ ನನಗೆ ಕಣ್ಣಲ್ಲಿ ನೀರು ಬರಲಿಲ್ಲ. ಆ ಕಟ್ಟಿನಲ್ಲಿ ಅಂಚೆ ರಸೀದಿಗಳನ್ನು ತಾರೀಕಿನ ಪ್ರಕಾರ ಪಿನ್ ಮಾಡಿದ್ದನ್ನು ನೋಡಿದಾಗ ಬಂತು.

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರು ಇದ್ದರೆ ದಯವಿಟ್ಟು ಪಿಪಿಒ ತೆಗೆದು ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಆಧಾರ್ ಜೊತೆ ತಾಳೆ ನೋಡಿ. ತಪ್ಪಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅವರನ್ನೇ ಕರೆದುಕೊಂಡು ಹೋಗಿ. ಅವರು ಇರುವಾಗ ಸಹಿ ಸುಲಭ.

ಅಪ್ಪನ ಜೊತೆ ಕೆಲಸ ಮಾಡಿದ ತಂಬಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆಯಿರಿ, ಕನ್ನಡ ಬಾರದಿದ್ದರೆ ತಮಿಳಿನಲ್ಲೇ ಬರೆಯಿರಿ, ಓದಿಸಿಕೊಳ್ತೇನೆ. ಯುದ್ಧದ ಕಥೆ ಬೇಡ. ಮೆಸ್ಸಿನಲ್ಲಿ ಏನು ತಿನ್ನುತ್ತಿದ್ದರು, ಯಾರ ಜೊತೆ ಜಗಳ ಆಡುತ್ತಿದ್ದರು, ನಮ್ಮ ಬಗ್ಗೆ ಏನಾದರೂ ಹೇಳುತ್ತಿದ್ದರಾ, ಅಂಥದ್ದು. ಅಮ್ಮ ದಿನಾ ಸಂಜೆ ಯಾರಾದರೂ ಬರೆದರಾ ಅಂತ ಕೇಳ್ತಾರೆ.