ಸತ್ಯಾಂಶ: ಒಂದು ಹನಿ ಬಿದ್ದರೆ ಸ್ಟೇಡಿಯಂ ಚಾವಣಿ ತಾನಾಗೇ ಮುಚ್ಚುತ್ತದಾ?

ಅಮೆರಿಕದ ಸಿಯಾಟಲ್‌ನಲ್ಲಿರುವ ಬೇಸ್‌ಬಾಲ್ ಸ್ಟೇಡಿಯಂ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಮೊದಲ ಮಳೆಹನಿ ಬಿದ್ದರೆ ಸಾಕು, ಸೆನ್ಸರ್‌ಗೆ ಗೊತ್ತಾಗಿ ಕ್ಷಣದಲ್ಲೇ ಚಾವಣಿ ಮುಚ್ಚುತ್ತದಂತೆ, ಇಡೀ ಮೈದಾನ ಎಸಿ ಹಾಲ್ ಆಗಿಬಿಡುತ್ತದಂತೆ. ಓದೋಕೆ ಮಜವಾಗಿದೆ, ನಿಜ ಮಾತ್ರ ಅಲ್ಲ.

1999ರಲ್ಲಿ ಶುರುವಾದ ಈ ಟಿ-ಮೊಬೈಲ್ ಪಾರ್ಕ್‌ನ ಚಾವಣಿ ಸುಮಾರು 10,000 ಟನ್ ತೂಗುತ್ತದೆ. ಮೂರು ಭಾಗಗಳಾಗಿ, 128 ಉಕ್ಕಿನ ಚಕ್ರಗಳ ಮೇಲೆ, ಹಳಿ ಹಿಡಿದು ಉರುಳುತ್ತದೆ. ಇಷ್ಟು ಭಾರ ಸುಮ್ನೆ ಕ್ಷಣದಲ್ಲಿ ಸರಿಯುತ್ತದಾ? ಗಾಳಿ ನೋಡಿಕೊಂಡು 10ರಿಂದ 20 ನಿಮಿಷ ಬೇಕು. ಮುಚ್ಚಬೇಕೋ ಬೇಡವೋ ಅನ್ನೋದನ್ನು ಹವಾಮಾನ ನೋಡಿ ಮನುಷ್ಯರೇ ತೀರ್ಮಾನಿಸುತ್ತಾರೆ.

ಎಸಿ ಮಾತಂತೂ ಪೂರ್ತಿ ತಪ್ಪು. ಇದು ದೊಡ್ಡ ಕೊಡೆ ಇದ್ದ ಹಾಗೆ. ತಲೆ ನೆನೆಯುವುದಿಲ್ಲ, ಅಷ್ಟೇ. ಪಕ್ಕಗಳು ತೆರೆದೇ ಇರುತ್ತವೆ, ಚಳಿಗಾಳಿ ಒಳಗೆ ಬರುತ್ತದೆ. ಪಕ್ಕದ ಹಳಿಯಲ್ಲಿ ಹೋಗುವ ರೈಲಿನ ಹಾರ್ನ್ ಕೂಡ ಆಟದ ನಡುವೆ ಕೇಳಿಸುತ್ತದೆ. ನನಗೆ ಇಷ್ಟವಾದ ವಿಷಯವೇ ಅದು.

ಗೊಂದಲಕ್ಕೆ ಕಾರಣವೂ ಇದೆ. ಹ್ಯೂಸ್ಟನ್, ಮಯಾಮಿ, ಆರ್ಲಿಂಗ್ಟನ್‌ನ ಸ್ಟೇಡಿಯಂಗಳು ಚಾವಣಿ ಮುಚ್ಚಿದಾಗ ನಿಜಕ್ಕೂ ಎಸಿಯಲ್ಲಿರುತ್ತವೆ. ಅಲ್ಲಿ ಮಳೆಗಿಂತ ಸೆಕೆಯ ಕಾಟ ಜಾಸ್ತಿ, ಅಲ್ವಾ?